ಅವ್ವನ ಹೊಗೆಟಾಕಿ

ಹೋದ ತಿಂಗಳು ಚಡಚಣದ ಕಡೆ ಹೊಸದಾಗಿ ಹೋಟೆಲು ತೆರೆದವರೊಬ್ಬರು ಸಿಂದಗಿಯ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಅದರಲ್ಲಿ ಯಾವುದೋ ದೇಶದ ದಪ್ಪ ಮನುಷ್ಯನೊಬ್ಬ ಹಳೆಯ ಕಬ್ಬಿಣದ ಟಾಕಿಯನ್ನು ಅಡ್ಡ ಮಲಗಿಸಿ, ಪಕ್ಕೆ ಕೊಯ್ದು ಬಾಗಿಲು ಕೂರಿಸಿ, ಒಂದು ತುದಿಗೆ ಬೆಂಕಿ ಹಾಕಿ, ಒಳಗೆ ಹೊಗೆಯಲ್ಲಿ ಖಂಡ ಬೇಯಿಸುತ್ತಿದ್ದ. ಇದಕ್ಕೆ ಬಾರ್ಬೆಕ್ಯೂ ಸ್ಮೋಕರ್ ಅಂತಾರೆ, ನಮ್ಮ ಭಾಗದಲ್ಲಿ ಯಾರೂ ಕಂಡೇ ಇಲ್ಲ, ನಿಮಗೆ ಮಾಡಲು ಬಂದೀತೇ ಎಂದು ಅನುಮಾನದಿಂದಲೇ ಕೇಳಿದರು. ಹೆಂಗಸು ವೆಲ್ಡಿಂಗ್ ಮಾಡುತ್ತಾಳೆ ಎಂಬುದೇ ಅವರಿಗಿನ್ನೂ ಪೂರ್ತಿ ನಂಬಿಕೆಯಾಗಿರಲಿಲ್ಲ. ನಾನು ವಿಡಿಯೋ ಕೊನೆಯವರೆಗೂ ನೋಡಿ, ಈ ಮನುಷ್ಯ ಹೊಗೆಕೊಳವೆಯನ್ನು ತಪ್ಪು ಜಾಗಕ್ಕೆ ಇಟ್ಟಿದ್ದಾನೆ ಅಂದೆ. ಅವರು ನಕ್ಕರು, ನಾನು ನಗಲಿಲ್ಲ. ನನಗೆ ಹನ್ನೊಂದು ವರ್ಷವಾಗಿದ್ದಾಗ ಹೊರ್ತಿಯ ಹತ್ತಿರದ ನಮ್ಮ ಮನೆಯ ಮುಂದೆ ಇಂಥದೇ ಒಂದು ನಿಂತಿತ್ತು. ಅದನ್ನು ಬೆಸೆದ ಕೈ ಅಪ್ಪನದು, ಬುದ್ಧಿ ಅವ್ವನದು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವ್ವ ಯಾವ ವಿಡಿಯೋವನ್ನೂ ನೋಡಿರಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ಆ ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ ಮತ್ತು ನಾನು. ಮಣ್ಣಿನ ಮಾಳಿಗೆಯ ಮನೆ. ಪೂರ್ವಕ್ಕೆ ಬಾಗಿಲು, ಬಾಗಿಲ ಮುಂದೆ ತುಳಸಿ ಕಟ್ಟೆ, ಅದರಾಚೆ ಅಂಗಳ, ಅಂಗಳ ದಾಟಿದರೆ ಇಂಡಿ ಊರಿಗೆ ಹೋಗುವ ರಸ್ತೆ. ಪಡಸಾಲೆಯ ಒಂದು ಮೂಲೆಯಲ್ಲಿ ಜೋಳದ ಚೀಲಗಳು, ಇನ್ನೊಂದು ಮೂಲೆಯಲ್ಲಿ ಆಯಿಯ ಹಾಸಿಗೆ. ನಾನು ಮಲಗುತ್ತಿದ್ದದ್ದು ಆಯಿಯ ಮಗ್ಗುಲಲ್ಲಿ, ತಲೆ ಬಾಚಿಸಿಕೊಳ್ಳುತ್ತಿದ್ದದ್ದು ಆಯಿಯ ಕೈಲಿ. ಅವ್ವ ಬಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕುರಿ ಸಾಕಿದ ಮನೆತನ ನಮ್ಮದು. ಆದರೆ ಅಪ್ಪನ ಕಾಲಕ್ಕೆ ಕುರಿಗಳು ಹೋಗಿ, ರಸ್ತೆಯಂಚಿಗೆ ಒಂದು ವೆಲ್ಡಿಂಗ್ ಶೆಡ್ಡು ಬಂದಿತ್ತು. ಖಂಡದ ಊಟ ಮಾತ್ರ ಹಾಗೆಯೇ ಉಳಿದಿತ್ತು. ಎಲುಬಿನ ಸಾರು ಮಾಡುವುದರಲ್ಲಿ ಆಯಿಯದೇ ಮೇಲುಗೈ, ಬೇರೆಯವರು ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಹೀಗಿರುವಾಗ ಒಂದು ಆಷಾಢದಲ್ಲಿ ಓಣಿಯ ಹೆಂಗಸರ ಜೊತೆ ಪಂಢರಪುರಕ್ಕೆ ನಡೆದು ಹೋದ ಆಯಿ ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು ಬಂದಳು. ಮಾಲೆ ಹಾಕಿಕೊಂಡವರು ಖಂಡ ಮುಟ್ಟುವಂತಿಲ್ಲ, ಅದರ ಪಾತ್ರೆ ಮುಟ್ಟುವಂತಿಲ್ಲ, ವಾಸನೆ ಬಂದರೂ ಸ್ನಾನ. ಅಂದಿನಿಂದ ಒಳಗಿನ ಒಲೆ ಆಯಿಯದಾಯಿತು. ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಆಯಿ ಹೊಲಕ್ಕೋ ಭಜನೆಗೋ ಹೋದ ಹೊತ್ತು ನೋಡಿ ನಮಗಷ್ಟು ಬೇಯಿಸಿ, ಪಾತ್ರೆಯನ್ನು ಅಲ್ಲೇ ತಿಕ್ಕಿ ಅಲ್ಲೇ ಬೋರಲು ಹಾಕುತ್ತಿದ್ದಳು. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಹುಟ್ಟಿದ್ದು ಹಗ್ಗದಿಂದ. ಅವ್ವ ಮುದ್ದೇಬಿಹಾಳ ಕಡೆಯವಳು, ಅವಳ ತವರಿನಲ್ಲಿ ಇನ್ನೂ ಕುರಿ ಹಿಂಡು ಇತ್ತು. ಅವಳ ಅಣ್ಣ ಬೀರಪ್ಪ ಮಾಮಾ ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂಡು ಹೊಡೆದುಕೊಂಡು ನಮ್ಮೂರ ಮೇಲೆ ಹಾದು ಹೋಗುತ್ತಿದ್ದ. ಆ ಹೊತ್ತಿಗೆ ಅವ್ವ ಅವನಿಗೆಂದು ಒಣಖಂಡ ಮಾಡಿ ಇಡುತ್ತಿದ್ದಳು. ಖಂಡವನ್ನು ಬೆರಳಗಲ ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಬೆಳ್ಳುಳ್ಳಿ, ಖಾರ ಸವರಿ, ಅಂಗಳದ ಬೇವಿನ ಮರದಿಂದ ಗೋಡೆಯ ಗೂಟದವರೆಗೆ ಹಗ್ಗ ಕಟ್ಟಿ ಒಣ ಹಾಕುವುದು. ಕುರಿ ಕಾಯುವವರು ತಿಂಗಳುಗಟ್ಟಲೆ ಹೊಲದಲ್ಲೇ ಬಿದ್ದಿರುತ್ತಾರೆ, ಅವರಿಗೆ ರೊಟ್ಟಿಯ ಜೊತೆ ಇದೇ ಆಧಾರ. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ಅವ್ವ ಅಣ್ಣನನ್ನು ಬರಿಗೈಯಲ್ಲಿ ಕಳಿಸಿರಲಿಲ್ಲ. ತವರಿನಿಂದ ತರಿಸಿಕೊಳ್ಳುವ ಹೆಣ್ಣುಮಕ್ಕಳೇ ಊರ ತುಂಬ ಇರುವಾಗ, ನಾನು ಕೊಟ್ಟು ಕಳಿಸುವವಳು ಎಂಬ ಜಂಬ ಅವಳಿಗಿತ್ತು. ಮಾಲೆ ಬಂದ ವರ್ಷ ಹಗ್ಗ ಕಟ್ಟಲಿಲ್ಲ. ತುಳಸಿಯ ಎದುರಿಗೆ ಖಂಡ ತೂಗುಬಿಡುವುದು ಹೇಗೆ? ಹಿತ್ತಲಲ್ಲಿ ಮುಚ್ಚಿಟ್ಟು ಒಣಗಿಸಿದ್ದಕ್ಕೆ ಮಳೆಯ ಥಂಡಿಯಲ್ಲಿ ಹುಳ ಬಿತ್ತು. ಆ ಸಲ ಮಾಮಾ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಉಂಡು, ಇರಲಿ ಬಿಡವ್ವಾ ಎಂದು ಎದ್ದು ಹೋದ. ಅವನು ಬೇಸರ ಮಾಡಿಕೊಂಡಿದ್ದರೆ ಅವ್ವ ಜಗಳವಾಡಿ ಸಮಾಧಾನ ಪಡುತ್ತಿದ್ದಳು. ಅವನು ಮಾಡಿಕೊಳ್ಳದೆ ಹೋದದ್ದೇ ಅವಳನ್ನು ಸುಟ್ಟಿತು, ವಾರಗಟ್ಟಲೆ ಮನೆಯಲ್ಲಿ ಹೂಂ, ಊಹೂಂ ಬಿಟ್ಟು ಬೇರೆ ಮಾತಿರಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಮೊದಲೇ ಅಪ್ಪ ಒಂದು ಉಪಾಯ ತಂದ. ಕಣ್ಣಿಗೆ ಕಾಣಬಾರದು, ನೊಣ ಮುತ್ತಬಾರದು, ಮಳೆ ತಾಗಬಾರದು. ಅಂದರೆ ಮುಚ್ಚಿದ ಪೆಟ್ಟಿಗೆಯೊಳಗೆ ಹೊಗೆ ಹಾಕಿ ಒಣಗಿಸಬೇಕು. ಪಂಕ್ಚರ್ ಅಂಗಡಿಯೊಂದರ ಹಳೆಯ ಹವಾ ಟಾಕಿ ಗುಜರಿಗೆ ಹೊರಟಿದ್ದನ್ನು ಅವನು ನೋಡಿ ಬಂದಿದ್ದ. ದಪ್ಪ ತಗಡು, ಗುಂಡನೆಯ ಹೊಟ್ಟೆ, ನಾನು ಒಳಗೆ ಕೂತರೆ ತಲೆ ಮುಟ್ಟದಷ್ಟು ದೊಡ್ಡದು. ಆಯಿಯನ್ನು ಕೇಳದೆ ಮನೆಯಲ್ಲಿ ಒಂದು ಗೂಟವನ್ನೂ ಹೊಡೆಯುವಂತಿರಲಿಲ್ಲ, ಹಾಗಾಗಿ ಅಪ್ಪ ಊಟಕ್ಕೆ ಕೂತಾಗ ವಿಷಯ ತೆಗೆದ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಮಾಡ್ರಿ. ನಾ ಯಾರ ಬಾಯಿಗೂ ಅಡ್ಡ ಬರೂದಿಲ್ಲ. ಆದ್ರ ಅದರ ಹೊಗಿ ಒಂದ ಸಲ ನನ್ನ ತುಳಸಿ ಮ್ಯಾಲ ಬಂತಂದ್ರ ನಾ ಸಿಂದಗಿಗೆ ಮಗಳ ಮನಿಗೆ ಹೋಗ್ತೇನಿ. ಹೋದ್ರ ಹೊಳ್ಳಿ ಬರೂದಿಲ್ಲ ನೋಡ ಸಿದ್ದ.”

ಗಂಡುಮಗ ಇರುವಾಗ ತಾಯಿ ಮಗಳ ಮನೆಯಲ್ಲಿ ಹೋಗಿ ಉಳಿಯುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ, ಊರೆಲ್ಲ ಮಗ ಸೊಸೆಯ ಮುಖ ನೋಡುತ್ತದೆ. ಆಯಿ ಹೇಳಿದರೆ ಮಾಡುವವಳು. ಊರಿನ ಮಾತು ಅಪ್ಪ ಅವ್ವನಿಗೆ ಇರಲಿ, ನನಗೆ ಹೆದರಿಕೆಯಾದದ್ದು ನನ್ನ ಹಾಸಿಗೆಯ ಅರ್ಧ ಖಾಲಿಯಾದೀತೆಂದು. ಆ ಹಗಲೆಲ್ಲ ನಾನು ಆಯಿಯ ಸೆರಗು ಹಿಡಿದುಕೊಂಡೇ ಓಡಾಡಿದೆ.

ಟಾಕಿ ಬಂತು. ಅಪ್ಪ ಅದಕ್ಕೆ ಅವಸರದಿಂದ ಕಟರ್ ಹಚ್ಚಲಿಲ್ಲ. ಒಳಗೆ ವರ್ಷಗಟ್ಟಲೆ ಕೂತ ಎಣ್ಣೆಯ ಹಬೆ ಇರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ ಎಂದು ಕತ್ತಿನವರೆಗೆ ನೀರು ತುಂಬಿಸಿ ಮೊದಲ ತೂತು ಕೊರೆದ. ಆಮೇಲೆ ಪಕ್ಕೆಯಲ್ಲಿ ಉದ್ದನೆಯ ಬಾಗಿಲು ಕೊಯ್ದ. ಕೊಯ್ದ ತಗಡನ್ನೇ ಹಳೆಯ ಟ್ರಂಕಿನ ಬಿಜಾಗರಿ ಹಾಕಿ ಅದೇ ಜಾಗಕ್ಕೆ ಕೂರಿಸಿದ. ಎರಡು ದಿನ ಒಳಗೆ ಜಾಲಿ ಕಟ್ಟಿಗೆ ಉರಿಸಿ ಎಣ್ಣೆ, ಬಣ್ಣ ಎಲ್ಲ ಸುಟ್ಟು ತೆಗೆದು, ಇಟ್ಟಿಗೆ ಚೂರಿನಿಂದ ತಿಕ್ಕಿ ತೊಳೆದದ್ದು ಅವ್ವ ಮತ್ತು ನಾನು. ಒಳಗೆ ತೂರಿ ತಿಕ್ಕಲು ನಾನೇ ಸರಿಯಾದ ಅಳತೆ. ಹೊರಗೆ ಬಂದಾಗ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತಂತೆ. ಒಂದು ತುದಿಗೆ ತಗ್ಗಾಗಿ ಬೆಂಕಿಯ ಗೂಡು, ಒಳಗೆ ಖಂಡ ತೂಗುಹಾಕಲು ಅಡ್ಡ ಸರಳುಗಳು, ನಿಲ್ಲಲು ನಾಲ್ಕು ಕಾಲು. ಉಳಿದದ್ದು ಹೊಗೆಕೊಳವೆ. ಅಪ್ಪ ಅದನ್ನು ಬೆಂಕಿಯ ಗೂಡಿನ ನೆತ್ತಿಯ ಮೇಲೆ ಬೆಸೆಯಲು ಸೀಮೆಸುಣ್ಣದಿಂದ ಗುರುತು ಹಾಕಿದ. ಅವ್ವ ಅಲ್ಲಿ ಬೇಡ, ಆಚೆಯ ತುದಿಗಿಡಿ, ಅದೂ ಮೇಲಲ್ಲ, ಸರಳಿನ ಸಮಕ್ಕೆ ಕೆಳಗಿನಿಂದ ಎಬ್ಬಿಸಿ, ಇಲ್ಲದಿದ್ದರೆ ಹೊಗೆ ಖಂಡವನ್ನು ಮುಟ್ಟದೆ ಹಾರಿ ಹೋಗುತ್ತದೆ ಅಂದಳು. ಹೊಗೆ ಮೇಲಕ್ಕೇ ಹೋಗುತ್ತದೆಂದು ಸಣ್ಣ ಕೂಸಿಗೂ ಗೊತ್ತು ಎಂದು ಅಪ್ಪ ನಕ್ಕು, ತನ್ನ ಗುರುತಿನ ಮೇಲೆಯೇ ಬೆಸೆದ. ಅವ್ವ ಅಪ್ಪನ ಹರಿದ ಧೋತರವನ್ನು ಖಂಡದ ಅಳತೆಗೆ ಪಟ್ಟಿಪಟ್ಟಿ ಹರಿದು, ಅರಿಶಿನದ ನೀರಲ್ಲಿ ಅದ್ದಿ, ಟಾಕಿಯ ಒಳಗೆ ಆ ತುದಿಯಿಂದ ಈ ತುದಿಯವರೆಗೆ ಸಾಲಾಗಿ ಇಳಿಬಿಟ್ಟು ಬೆಂಕಿ ಹಾಕಿದಳು. ಮಧ್ಯಾಹ್ನದ ಊಟವಾದ ಮೇಲೆ ಬಾಗಿಲು ತೆರೆದಾಗ ಬೆಂಕಿಯ ಹತ್ತಿರದ ಪಟ್ಟಿಗಳು ಕಂದಿ ಹಪ್ಪಳವಾಗಿದ್ದವು, ಆಚೆಯ ತುದಿಯವು ಹಾಕಿದಷ್ಟೇ ಹಸಿ. ಆ ಹಸಿ ಪಟ್ಟಿಯೊಂದನ್ನು ತಂದು ಅಪ್ಪನ ಅಂಗೈಯಲ್ಲಿಟ್ಟು ಹಿಂಡಿದಳು, ನೀರು ಅವನ ಮೊಣಕೈಯವರೆಗೆ ಇಳಿಯಿತು. ಅಪ್ಪ ಕೈ ಒರೆಸಿಕೊಂಡು, ಕಟರ್ ಎತ್ತಿಕೊಂಡು ಹೋಗಿ ತಾನು ಬೆಸೆದದ್ದನ್ನು ತಾನೇ ಕೊಯ್ದ. ಕೊಳವೆ ಅವ್ವ ಹೇಳಿದ ಜಾಗಕ್ಕೆ ಹೋಯಿತು. ಶೆಡ್ಡಿಗೆ ಬಂದವರು ಇದೇನು ಎಂದು ಕೇಳಿದಾಗಲೆಲ್ಲ, ಕೆಲಸ ನಂದು, ಲೆಕ್ಕ ನಮ್ಮ ಮನಿಯಾಕಿದು ಎಂದು ಹೇಳುತ್ತಿದ್ದ. ಹೆಂಡತಿಯ ಎದುರು ಸೋತದ್ದನ್ನು ಊರ ಮುಂದೆ ಹೇಳಿಕೊಳ್ಳುವ ಗಂಡಸನ್ನು ನಾನು ಆಮೇಲೆ ಬಹಳ ಕಂಡಿಲ್ಲ. ಇವತ್ತಿಗೂ ಹುಡುಗರಿಗೆ ಕೆಲಸ ಕಲಿಸುವಾಗ, ಬಾಯಿಂದ ವಾದ ಬೇಡ, ಮಾಡಿ ತೋರಿಸು ಎನ್ನುತ್ತೇನೆ. ಆ ಮಾತನ್ನು ಕಲಿತದ್ದು ಆ ಅಂಗಳದಲ್ಲಿ.

ಇನ್ನು ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ. ಹಿತ್ತಲೇ ಸರಿ ಎಂದು ಅಪ್ಪ ಅಂದ, ಖಂಡದ ಒಲೆಯನ್ನು ಮನೆಯ ಮುಂದೆ ಯಾರು ಇಡುತ್ತಾರೆ? ಅವ್ವ ಕುರಿ ಉಣ್ಣೆಯ ಎಳೆಗಳನ್ನು ಕಡ್ಡಿಗಳಿಗೆ ಕಟ್ಟಿ ಮನೆಯ ಸುತ್ತ ನಾಲ್ಕಾರು ಕಡೆ ನೆಟ್ಟಳು. ಅವು ಯಾವ ಕಡೆ ಹಾರುತ್ತವೆ ಎಂದು ಹೊತ್ತು ಹೊತ್ತಿಗೆ ನೋಡಿ ಹೇಳುವ ಕೆಲಸ ನನ್ನದು. ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ, ಎಳೆಗಳೆಲ್ಲ ದಿನವಿಡೀ ರಸ್ತೆಯ ಕಡೆಗೇ ಚಾಚಿಕೊಂಡಿದ್ದವು. ಹಿತ್ತಲಲ್ಲಿಟ್ಟರೆ ಹೊಗೆ ಮಾಳಿಗೆ ಹತ್ತಿ ಇಳಿದು ನೇರ ತುಳಸಿಗೇ ಬರುತ್ತದೆ. ತುಳಸಿಯಾಚೆ ರಸ್ತೆಯಂಚಿಗೆ ಇಟ್ಟರೆ ಎಂದೂ ಬಾರದು. ಹಾಗಾಗಿ ಮುಚ್ಚಿಡಬೇಕಾದ ಒಲೆ ಇಂಡಿಗೆ ಹೋಗುವ ಬಸ್ಸಿನವರಿಗೆಲ್ಲ ಕಾಣುವ ಜಾಗದಲ್ಲಿ, ಮಣ್ಣಿನ ಕಟ್ಟೆಯ ಮೇಲೆ ಠೀವಿಯಿಂದ ನಿಂತಿತು. ಕೇಳಿದವರಿಗೆ ಹವಾ ಟಾಕಿ ಎಂದರೆ ಮುಗಿಯಿತು.

ಖಂಡ ಹಾಕುವ ಹಿಂದಿನ ದಿನ ಸಂಜೆ ಟಾಕಿಯನ್ನು ಒಮ್ಮೆ ಕಾಯಿಸಿ ಬಿಟ್ಟಿದ್ದರು, ಆಗಲೂ ಹೊಗೆ ರಸ್ತೆಯ ಕಡೆಗೇ ಹೋಗಿತ್ತು. ಮರುದಿನ ಮುಂಜಾನೆ ಮೋಡದ ಮಬ್ಬಿನಲ್ಲಿ ಅವ್ವ ಹೋದಾಗ ಟಾಕಿಯ ಕೆಳಗಿನ ಕಟ್ಟೆ ಸೆಗಣಿಯಿಂದ ಚೊಕ್ಕ ಸಾರಿಸಿತ್ತು, ಅಂಚಿಗೆ ರಂಗೋಲಿಯ ಗೆರೆಯೂ ಇತ್ತು. ನೀನು ಸಾರಿಸಿದೆಯಾ, ಶಾಣ್ಯಾಳು ನನ್ನ ಮಗಳು ಎಂದು ಅವ್ವ ನನ್ನ ಗಲ್ಲ ಹಿಡಿದಳು. ನಾನು ಸಾರಿಸಿರಲಿಲ್ಲ. ಅಷ್ಟು ದಿನ ಹಗಲೆಲ್ಲ ಅವಳ ಜೊತೆ ದುಡಿದಿದ್ದರೂ ಹೊಗಳಿಕೆ ಸಿಕ್ಕಿದ್ದು ಅದೇ ಮೊದಲು. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ, ಸುಮ್ಮನೆ ನಕ್ಕೆ. ಅವ್ವ ಆ ಮಬ್ಬಿನಲ್ಲಿ ಒಳಗೆ ಇಣುಕದೆ, ಕೈಯಳತೆಯಲ್ಲೇ ಖಂಡದ ಸೀಳುಗಳನ್ನು ಸಾಲಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ದ್ರಾಕ್ಷಿ ತೋಟದವರು ಚಾಟ್ನಿ ಮಾಡುವಾಗ ಕತ್ತರಿಸಿ ಬಿಸಾಡಿದ ಒಣ ಬಳ್ಳಿಗಳನ್ನು ಗೂಡಿಗೆ ಹಾಕಿ ಬೆಂಕಿ ಹಚ್ಚಿದಳು. ಹೊಗೆ ಕೊಳವೆಯಿಂದ ಎದ್ದು ರಸ್ತೆ ದಾಟಿ ಆಚೆಯ ಹೊಲಕ್ಕೆ ಹೋಯಿತು. ತುಳಸಿಯ ಒಂದು ಎಲೆಗೂ ತಾಗಲಿಲ್ಲ. ಆಯಿ ಕಟ್ಟೆಯ ಪಕ್ಕ ಜಪ ಮಾಡುತ್ತ ಕೂತವಳು ಓರೆಗಣ್ಣಿನಲ್ಲಿ ಆ ಹೊಗೆಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವ್ವ ಬಾಗಿಲು ತೆರೆದಳು. ಬಂದದ್ದು ಖಂಡದ ಘಮಲಲ್ಲ, ಸುಟ್ಟ ಸೆಗಣಿಯ ವಾಸನೆ. ಸೀಳುಗಳ ಮೇಲೆಲ್ಲ ಕಂದು ಹಕ್ಕಳೆಗಳು ಉದುರಿ ಅಂಟಿಕೊಂಡಿದ್ದವು. ಅವ್ವ ಟಾಕಿಯ ಒಳಮೈಯನ್ನು ಉಗುರಿನಿಂದ ಕೆರೆದಳು. ಒಳಗೂ ಸಾರಿಸಿತ್ತು, ನೆತ್ತಿಯವರೆಗೂ, ದಪ್ಪನಾಗಿ. ಹೊಸ ಒಲೆಗೆ ಸೆಗಣಿ ಬಳಿಯದೆ ಬೆಂಕಿ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಅದು ಮಣ್ಣಿನ ಒಲೆಯ ಪದ್ಧತಿ. ಕಬ್ಬಿಣಕ್ಕೆ ಬಳಿದರೆ ಕಾದಂತೆ ಬಿಟ್ಟು ಬೀಳುತ್ತದೆ. ನನ್ನ ಕಡೆ ಒಮ್ಮೆ ನೋಡಿದಳು. ಒಳಗೆ ಬಳಿದದ್ದು ನಾನಲ್ಲ ಎಂಬುದು ನನ್ನ ಮುಖದಲ್ಲೇ ಇತ್ತೇನೋ. ಅವ್ವ ಸೀದಾ ಆಯಿಯ ಮುಂದೆ ಹೋಗಿ ನಿಂತಳು.

“ಹೊಗಿ ಬರಲಿಲ್ಲಂತ ಹಿಂಗ ಮಾಡಿದಿರೇನ್ರಿ ಅತ್ತಿ? ಬ್ಯಾಡ ಅಂತ ಬಾಯಿಬಿಟ್ಟ ಹೇಳಿದ್ರ ನಾ ಬಿಡ್ತಿದ್ದೆ. ನನ್ನ ಅಣ್ಣನ ತುತ್ತಿಗೆ ಸೆಗಣಿ ಹಾಕಿದಿರಿ.”

ಆಯಿ ಜಪಮಣಿಯನ್ನು ಮಡಿಲಲ್ಲಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು:

“ಹೊಸಾ ಒಲಿ ಸಾರಸಲಾರದ ಬೆಂಕಿ ಹಾಕತಾರೇನ ಮಾಳವ್ವ? ಯಾರೂ ಸಾರಸಿದ್ದಿಲ್ಲ. ಮನ್ಯಾಗ ಹಿರ್ಯಾಕಿ ಅಂತ ನಾ ಸಾರಸಿದೆ. ಅಷ್ಟ.”

ಎದ್ದು ಒಳಗೆ ಹೋಗಿ ಎರಡು ಸೀರೆ, ಜಪಮಣಿ, ಎಲೆಯಡಿಕೆಯ ಚೀಲ ಇಷ್ಟನ್ನು ಗಂಟು ಕಟ್ಟಿಕೊಂಡು ಬಂದು ಪಡಸಾಲೆಯ ಹೊಸ್ತಿಲಲ್ಲಿ ಕೂತಳು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ ಅಂದಳು. ಅಪ್ಪ ಬಂದು ಬೇಡಿಕೊಂಡ, ಸಿಟ್ಟು ಮಾಡಿದ, ಮತ್ತೆ ಬೇಡಿಕೊಂಡ. ಹೊಗೆ ಬರಲಿಲ್ಲವಲ್ಲ ಎಂದರೆ, ಹೊಗೆ ಬರಲಿಲ್ಲ, ಮಾತು ಬಂತು ಅಂದಳು. ಆ ರಾತ್ರಿ ಅವಳ ಮಗ್ಗುಲಲ್ಲಿ ಮಲಗಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಬೆಳಿಗ್ಗೆ ಒಂದು ಮಾತು, ನಾನಲ್ಲ ಅವ್ವಾ, ಎಂದಿದ್ದರೆ ಅವ್ವ ಯಾರು ಸಾರಿಸಿದ್ದು ಎಂದು ಕೇಳುತ್ತಿದ್ದಳು, ಟಾಕಿಯ ಒಳಗೂ ಇಣುಕುತ್ತಿದ್ದಳು. ಪುಕ್ಕಟೆ ಹೊಗಳಿಕೆಗೆ ಬಾಯಿ ಮುಚ್ಚಿಕೊಂಡಿದ್ದು ನಾನು, ಮನೆ ಬಿಟ್ಟು ಹೊರಟವಳು ಆಯಿ.

ನಸುಕಿನಲ್ಲಿ ಅವ್ವ ಟಾಕಿಯ ಒಳಗೆ ತಲೆ ಹಾಕಿ ಇಟ್ಟಿಗೆ ಚೂರಿನಿಂದ ಸೆಗಣಿ ತಿಕ್ಕಿ ತೆಗೆಯುತ್ತಿದ್ದಳು. ನಾನು ಹೋಗಿ, ಕಟ್ಟೆ ಸಾರಿಸಿದ್ದೂ ನಾನಲ್ಲ, ನೀನು ಹೊಗಳಿದೆ ಅಂತ ಸುಮ್ಮನಾದೆ ಅಂದೆ. ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿದ್ದೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅವ್ವ ಕುಕ್ಕರಗಾಲಲ್ಲಿ ಕೂತು ಕಟ್ಟೆಯ ಮೇಲಿನ ಸಾರಣೆಯನ್ನು ನೋಡುತ್ತಿದ್ದಳು. ಬೆರಳುಗಳ ಅರ್ಧಚಂದ್ರದ ಸಾಲುಗಳು, ಒಂದಕ್ಕೊಂದು ತಾಗಿ, ಎಲ್ಲೂ ತಪ್ಪದೆ. ಅದು ಹನ್ನೊಂದು ವರ್ಷದ ಕೈಯಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಕೆಡಿಸಲು ಬಂದವರು ಹೊರಗೆ ಇಷ್ಟು ಚೆಂದ ಸಾರಿಸಿ ರಂಗೋಲಿ ಎಳೆಯುವುದಿಲ್ಲ. ಎಪ್ಪತ್ತು ದಾಟಿದ ಮುದುಕಿ, ವಾಸನೆಗೂ ಸ್ನಾನ ಮಾಡುವವಳು, ನಾಳೆ ಇದರಲ್ಲಿ ಖಂಡ ಬೀಳುತ್ತದೆಂದು ಗೊತ್ತಿದ್ದೇ ಭುಜದವರೆಗೆ ಕೈ ಹಾಕಿ ಆ ಕಬ್ಬಿಣದ ನೆತ್ತಿಯವರೆಗೂ ಬಳಿದಿದ್ದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅವಳು ಹಾಗೆಲ್ಲ ಕ್ಷಮೆ ಕೇಳುವ ಹೆಂಗಸಲ್ಲ. ಬುಟ್ಟಿಯಲ್ಲಿ ಹಸಿ ಸೆಗಣಿ, ಕೊಡದಲ್ಲಿ ನೀರು ತಂದು ಹೊಸ್ತಿಲಲ್ಲಿ ಗಂಟಿನ ಜೊತೆ ಕೂತಿದ್ದ ಆಯಿಯ ಮುಂದೆ ಇಟ್ಟಳು.

“ನಿನ್ನೆ ನಾ ಮಾತಾಡಿದ್ದು ತಪ್ಪಾತ್ರಿ. ಒಳಗಿಂದ ತೊಳದೇನಿ, ಕಬ್ಬಿಣಕ್ಕ ಸೆಗಣಿ ನಿಲ್ಲೂದಿಲ್ಲ. ಕಟ್ಟಿ ನೀವ ಸಾರಸ್ರಿ. ನಿಮ್ಮ ಕೈ ಬಿದ್ದ ಮ್ಯಾಲ ಬೆಂಕಿ ಹಾಕತೇನಿ. ನೀವು ಬಸ್ ಹತ್ತಿದ್ರ ಆ ಟಾಕಿ ಇವತ್ತ ಗುಜರಿಗೆ ಹೋಗ್ಲಿ, ನನ್ನ ಅಣ್ಣ ಬರಿಗೈಲೇ ಹೋಗ್ಲಿ.”

ಅಷ್ಟು ದಿನದ ಕೊಯ್ದದ್ದು, ಬೆಸೆದದ್ದು, ತಿಕ್ಕಿದ್ದು ಎಲ್ಲವನ್ನೂ ಅವ್ವ ಒಂದೇ ಮಾತಿನಲ್ಲಿ ಆಯಿಯ ಕೈಗೆ ಒಪ್ಪಿಸಿಬಿಟ್ಟಿದ್ದಳು. ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿತು. ಆಯಿ ಬಸ್ಸಿನ ಕಡೆ ನೋಡಿದಳು, ಬುಟ್ಟಿಯ ಕಡೆ ನೋಡಿದಳು. ಆ ಕಟ್ಟಿ ಮ್ಯಾಲ ಖಂಡ ಬಿದ್ದೈತಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡು, ತಾನೇ ಉತ್ತರ ಕೊಟ್ಟುಕೊಂಡಳು.

“ಭೂಮಿಗೆ ಎಂಥಾ ಮೈಲಿಗಿ. ಸರಿ, ಬಾ.”

ಬಸ್ಸು ಹೋದ ಮೇಲೆ ಆಯಿ ಕಟ್ಟೆ ಸಾರಿಸಿದಳು, ಟಾಕಿಗೆ ಮಾತ್ರ ಬೆರಳು ತಾಗಿಸಲಿಲ್ಲ. ಬಾವಿಕಟ್ಟೆಗೆ ಹೋಗಿ ಸ್ನಾನ ಮಾಡಿ ಬಂದು, ಗಂಟು ಬಿಚ್ಚಿ ಸೀರೆಗಳನ್ನು ಮಡಚಿಟ್ಟಳು. ಅವ್ವ ಹೊಸ ಖಂಡ ತರಿಸಿ, ಅದೇ ದ್ರಾಕ್ಷಿ ಬಳ್ಳಿಯ ಬೆಂಕಿ ಹಾಕಿ, ಎರಡು ಹಗಲು ಬಿಡದೆ ಕಾದಳು. ಹೊರಗೆ ಬಂದ ಸೀಳುಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು, ಮುರಿದರೆ ಟಕ್ಕೆನ್ನುತ್ತಿದ್ದವು. ಆ ಮಳೆಯಲ್ಲಿ ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಒಣಖಂಡವೂ ಉಳಿಯಲಿಲ್ಲ, ನಮ್ಮದು ಉಳಿಯಿತು.

ಮಳೆ ಹಿಂದಾದ ಮೇಲೆ ಒಂದು ಮಧ್ಯಾಹ್ನ ಬೀರಪ್ಪ ಮಾಮಾ ಹಿಂಡನ್ನು ಆಚೆಯ ಬೀಳಿನಲ್ಲಿ ಬಿಟ್ಟು ಮನೆಗೆ ಬಂದ. ಈ ಸಲವೂ ತಂಗಿಗೆ ಮುಜುಗರವಾಗಬಾರದೆಂದು ಬೇಕಂತಲೇ ಕೈ ಬೀಸಿಕೊಂಡು ಬಂದಿದ್ದ, ಒಂದು ಚೀಲ ಕೂಡ ತಂದಿರಲಿಲ್ಲ. ಅವ್ವ ಒಣಖಂಡದ ಮೊರ ತಂದು ಅವನ ಮುಂದೆ ಇಟ್ಟಳು. ಅವನು ಒಂದು ಸೀಳು ಮುರಿದು ಬಾಯಿಗಿಟ್ಟು, ಅಗಿಯುತ್ತ ಅಗಿಯುತ್ತ ಟಾಕಿಯ ಕಡೆ ನೋಡಿದ. ಆಮೇಲೆ ಅವ್ವನನ್ನು ನೋಡಿದ. ಹೆಗಲ ಮೇಲಿನ ಕಂಬಳಿಯನ್ನು ನೆಲಕ್ಕೆ ಹಾಸಿ, ಎರಡೂ ಕೈಯಿಂದ ಅದರೊಳಗೆ ತುಂಬಿಕೊಳ್ಳತೊಡಗಿದ. ಅಷ್ಟು ದೂರದಲ್ಲಿ ತುಳಸಿಗೆ ನೀರು ಹಾಕುತ್ತಿದ್ದ ಆಯಿ ಈ ಕಡೆ ತಿರುಗಲಿಲ್ಲ, ಖಂಡ ಕಣ್ಣಿಗೆ ಬೀಳಬಾರದಲ್ಲ. ತುಳಸಿಗೇ ಮುಖ ಮಾಡಿಕೊಂಡು, ರಸ್ತೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ನನ್ನ ಸೊಸಿ ಮನಿಗೆ ಬರಾವ ಚೀಲಾ ಇಲ್ಲದ ಬರಬಾರದೋ ಬೀರಪ್ಪ. ಮುಂದಿನ ವರ್ಷ ಎರಡ ತಗೊಂಡ ಬಾ.”